ಹೊಸ ಟೈರ್ ಮುಂದಕ್ಕೆ: ಸೈಕಲ್ ಟೈರ್ ಅದಲು-ಬದಲಿನಲ್ಲಿ ಉಳಿತಾಯ ಇಲ್ಲ

ಬೀಜ, ಗೊಬ್ಬರ, ಕೂಲಿ ಎಲ್ಲದರ ಲೆಕ್ಕವನ್ನೂ ಮೊಬೈಲಿನಲ್ಲಿ ಬರೆದಿಡುವ ನಾವು ಸೈಕಲ್ ಟೈರಿನ ಖರ್ಚು ಮಾತ್ರ ಬರೆಯೋದಿಲ್ಲ. ನಮ್ಮ ಕಡೇಚೂರು ಕಡೆ ಸಣ್ಣ ತರಕಾರಿ ಬೆಳೆಗಾರನಿಗೆ ಸೈಕಲ್ಲೂ ಒಂದು ಕೃಷಿ ಸಾಧನವೇ. 2006-07ರಿಂದ ಸರ್ಕಾರ 8ನೇ ತರಗತಿ ಮಕ್ಕಳಿಗೆ ಕೊಟ್ಟ ಸೈಕಲ್ಲುಗಳು ಎಷ್ಟೋ ಮನೆಗಳಲ್ಲಿ ಇವತ್ತಿಗೂ ಸೊಪ್ಪಿನ ಗಂಟು ಹೊರುತ್ತಿವೆ. ಅದೇ ಸೈಕಲ್ ಮೇಲೆ ತಂಗಿಯೋ ತಮ್ಮನೋ ಶಾಲೆಗೂ ಹೋಗುತ್ತಾರೆ.

ಸವಾರನ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಹಿಂದಿನ ಗಾಲಿ ಮೇಲೇ ಬೀಳುತ್ತದೆ. ಕ್ಯಾರಿಯರ್ ಮೇಲೆ ಹೇರು ಬಿದ್ದರೆ ಕೇಳೋದೇ ಬ್ಯಾಡ. ಪೆಡಲ್ ತುಳಿದ ಬಲವೂ ಅದೇ ಟೈರಿಗೆ. ಹಾಗಾಗಿ ಹಿಂದಿನದು ಬೇಗ ಸವೆಯುತ್ತದೆ. ಆಗ ಎಲ್ಲರೂ ಹೇಳೋದು ಒಂದೇ ಮಾತು: "ಹಿಂದಿಂದು ಮುಂದಕ್ಕ ಹಾಕು, ಮುಂದಿಂದು ಹಿಂದಕ್ಕ ಹಾಕು, ಎರಡೂ ಸಮ ಸವೀತಾವ." ಕಾರಿಗೆ ಈ ಮಾತು ಸರಿ. ಸೈಕಲ್ಲಿಗೆ ತಪ್ಪು ಅಂತ ನನ್ನ ಅಭಿಪ್ರಾಯ.

ಮೊದಲು ಲೆಕ್ಕ ನೋಡ್ರಿ. ಅದಲು-ಬದಲು ಮಾಡಿದರೆ ರಬ್ಬರ್ ಹೆಚ್ಚಾಗೋದಿಲ್ಲ, ಟೈರ್ ಓಡುವ ಒಟ್ಟು ದೂರವೂ ಹೆಚ್ಚಾಗೋದಿಲ್ಲ. ಎರಡೂ ಒಮ್ಮೆಗೇ ಮುಗಿಯುತ್ತವೆ, ಎರಡನ್ನೂ ಒಟ್ಟಿಗೆ ಕೊಳ್ಳಬೇಕಾಗುತ್ತದೆ. ಅದು ಬಿತ್ತನೆ ಹೊತ್ತಿನಲ್ಲೇ ಬಂದರೆ ಕೈಯಲ್ಲಿ ರೊಕ್ಕ ಎಲ್ಲಿರ್ತದ?

ಎರಡನೆಯದು ಜೀವದ ಪ್ರಶ್ನೆ. ಹಿಂದಿನ ಟೈರ್ ಒಡೆದರೆ ಸೈಕಲ್ ಎಳೆದಾಡುತ್ತದೆ, ಆದರೂ ಸಾಮಾನ್ಯವಾಗಿ ಹಿಡಿತಕ್ಕೆ ಸಿಗುತ್ತದೆ. ಮುಂದಿನದು ಒಡೆದರೆ ಹ್ಯಾಂಡಲ್ ಮಾತು ಕೇಳೋದಿಲ್ಲ, ಸವಾರ ನೆಲಕ್ಕೆ ಬೀಳುತ್ತಾನೆ. ಪಕ್ಕದಲ್ಲೇ ಲಾರಿ ಬರುತ್ತಿದ್ದರೆ ಏನಾಗಬಹುದು ಯೋಚಿಸಿ. ಸವೆದ ಟೈರನ್ನು ಮುಂದಕ್ಕೆ ಹಾಕೋದು ಅಂದರೆ ಉಳಿಸಿದ ಅಷ್ಟಿಷ್ಟು ರೂಪಾಯಿಗೆ ಮನೆ ಮಕ್ಕಳ ಕೈಕಾಲು ಒತ್ತೆ ಇಟ್ಟ ಹಾಗೆ.

ಸರಿಯಾದ ಕ್ರಮ ಸರಳ. ಹಿಂದಿನ ಟೈರ್ ಪೂರ್ತಿ ಸವೆಯುವ ತನಕ ಅಲ್ಲೇ ಓಡಿಸಿ, ಆಮೇಲೆ ತೆಗೆಯಿರಿ. ಮುಂದಿನ ಟೈರ್ ಗಟ್ಟಿಯಿದ್ದರೆ ಅದನ್ನು ಹಿಂದಕ್ಕೆ ಹಾಕಿ, ಹೊಸದನ್ನು ಮುಂದಕ್ಕೆ ಹಾಕಿ. ಒಂದು ಸಲಕ್ಕೆ ಒಂದೇ ಟೈರಿನ ಖರ್ಚು. ಒಳ್ಳೆಯ ಟೈರ್ ಯಾವಾಗಲೂ ಮುಂದೆ. ಎರಡು ಗಾಲಿ ಬಿಚ್ಚೋದು ದಂಡದ ಕೆಲಸ ಅನ್ನೋರಿದ್ದಾರೆ. ಪಾನಾ, ಎರಡು ಟೈರ್ ಲಿವರ್ ಮನೆಯಲ್ಲಿದ್ದರೆ ಬಿಡುವಿನ ಹೊತ್ತಲ್ಲಿ ನೀವೇ ಮಾಡಬಹುದು.

ಟೈರ್ ಯಾವಾಗ ತೆಗೆಯಬೇಕು? ನಡುವಿನ ಅಚ್ಚು ಅಳಿಸಿ ನುಣ್ಣಗಾಗಿ ಪದೇ ಪದೇ ಪಂಚರ್ ಆಗುತ್ತಿದ್ದರೆ, ದಾರ ಕಂಡರೆ, ಪಕ್ಕದಲ್ಲಿ ಆಳವಾಗಿ ಬಿರುಕು ಬಿಟ್ಟರೆ, ಎಲ್ಲಾದರೂ ಉಬ್ಬಿದರೆ ತೆಗೆಯಿರಿ. ಸೀಳಿದ ಕಡೆ ಒಳಗೆ ಹಳೇ ಟೈರಿನ ತುಂಡು ಇಟ್ಟು ನಾಲ್ಕು ದಿನ ಓಡಿಸೋದು ಹಿಂದಿನ ಗಾಲಿಗೆ ಮಾತ್ರ, ಮುಂದಿನದಕ್ಕೆ ಬೇಡವೇ ಬೇಡ.

ಟೈರ್ ಬಾಳಿಕೆ ಹೆಚ್ಚಿಸುವುದು ಅದಲು-ಬದಲಲ್ಲ, ಗಾಳಿ ಮತ್ತು ನೆರಳು. ಗಾಳಿ ಕಡಿಮೆ ಇದ್ದು ಹೇರು ಹಾಕಿದರೆ ಟ್ಯೂಬ್ ರಿಮ್ಮಿಗೆ ಸಿಕ್ಕು ಜೋಡಿ ತೂತು ಬೀಳುತ್ತವೆ. ಎಷ್ಟು ಗಾಳಿ ಬೇಕು ಅಂತ ಟೈರಿನ ಪಕ್ಕದಲ್ಲೇ ಬರೆದಿರುತ್ತದೆ. 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಸೈಕಲ್ಲನ್ನು ಬಿಸಿಲಿಗೆ ನಿಲ್ಲಿಸಿದರೆ ರಬ್ಬರ್ ಓಡದೆಯೂ ಬಿರಿಯುತ್ತದೆ. ಬದುವಿನ ನೆಗ್ಗಿಲು ಗಿಡವನ್ನು ಕಾಯಿ ಕಟ್ಟುವ ಮೊದಲೇ ಕಿತ್ತರೆ ಪಂಚರೂ ಕಮ್ಮಿ, ಮುಂದಿನ ವರ್ಷದ ಕಳೆಯೂ ಕಮ್ಮಿ.

ಇವತ್ತು ಹೊಲದಿಂದ ಬಂದ ಮೇಲೆ ಸೈಕಲ್ಲಿನ ಎರಡೂ ಟೈರ್ ಮುಟ್ಟಿ ನೋಡ್ರಿ. ಹೆಚ್ಚು ಸವೆದದ್ದು ಮುಂದೆ ಇದ್ದರೆ ನಾಳೆ ಮಕ್ಕಳ ಕೈಗೆ ಆ ಸೈಕಲ್ ಕೊಡಬ್ಯಾಡ್ರಿ.