ಅಗ್ಗಕ್ಕೆ ಸಿಕ್ಕ ಆಟ

ಹಳೆಯ ಪುಸ್ತಕ, ಹಳೆಯ ನಾಣ್ಯ, ಹಳೆಯ ಅಂಚೆಚೀಟಿಗಳನ್ನು ಕೂಡಿಡುವವರನ್ನು ಲೋಕ ಗೌರವದಿಂದಲೇ ಕಾಣುತ್ತದೆ. ತಾಳೆಗರಿಯ ಕಟ್ಟೊಂದನ್ನು ಅಟ್ಟದಿಂದ ಇಳಿಸಿ ತಂದವನನ್ನು ಸಭೆಯಲ್ಲಿ ಕೂರಿಸಿ ಶಾಲು ಹೊದಿಸುವುದೂ ಉಂಟು. ಆದರೆ ನಡುವಯಸ್ಸು ದಾಟಿದ ಪತ್ರಕರ್ತನೊಬ್ಬ ಮಕ್ಕಳು ಆಡಿ ಬಿಸುಟ ವಿಡಿಯೋ ಗೇಮುಗಳನ್ನು ಅರಸುತ್ತ ಭಾನುವಾರದ ಸಂತೆಗಳಲ್ಲಿ ಅಲೆಯುತ್ತಾನೆಂದರೆ ಮೊದಲು ನಗುವವರು ಮನೆಯವರೇ. ನನ್ನ ಮನೆಯಲ್ಲಿ ನಕ್ಕಾಗಿದೆ. ಆದುದರಿಂದ ಓದುಗರೂ ನಗುವುದಾದರೆ ನನ್ನ ಆಕ್ಷೇಪವಿಲ್ಲ. ನಕ್ಕ ಮೇಲೆ ಮುಂದಕ್ಕೆ ಓದಿದರೆ ಸಾಕು.

ಯಾವ ಆಟಗಳು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಜಪಾನಿನ ಕ್ಯೋಟೋ ನಗರದಲ್ಲಿ 1889ರಲ್ಲಿ ಹೂವಿನ ಚಿತ್ರಗಳ ಇಸ್ಪೀಟೆಲೆ ಮಾಡುವ ಅಂಗಡಿಯಾಗಿ ಹುಟ್ಟಿದ ನಿಂಟೆಂಡೊ ಸಂಸ್ಥೆ, 1983ರಲ್ಲಿ ಟೆಲಿವಿಷನ್ನಿಗೆ ಜೋಡಿಸಿ ಆಡುವ ಯಂತ್ರವೊಂದನ್ನು ಹೊರತಂದಿತು. ಅದರ ಅಸಲನ್ನು ನಮ್ಮ ಊರುಗಳಲ್ಲಿ ಕಂಡವರು ವಿರಳ. 1990ರ ದಶಕದಲ್ಲಿ ನಮ್ಮ ಮಧ್ಯಮವರ್ಗದ ಮನೆಗಳಿಗೆ ಬಂದುವು ಅದರ ಅನುಕರಣಗಳು. ಯಂತ್ರದ ನೆತ್ತಿಗೆ ಸಿಕ್ಕಿಸುವ ಆಟದ ಡಬ್ಬಿಯನ್ನು ಮಕ್ಕಳು ‘ಕ್ಯಾಸೆಟ್’ ಎಂದೇ ಕರೆದರು. ಅದರಲ್ಲಿ ಸುರುಳಿಯೂ ಇರಲಿಲ್ಲ, ಟೇಪೂ ಇರಲಿಲ್ಲ. ಆದರೂ ಹೆಸರು ನಿಂತಿತು. ಮೇಲಿನ ಚೀಟಿ ‘ಒಂದರಲ್ಲಿ 9999 ಆಟ’ ಎಂದು ಕೊಚ್ಚಿಕೊಳ್ಳುತ್ತಿತ್ತು. ಹಾಕಿ ನೋಡಿದರೆ ಕೈಬೆರಳಿನಲ್ಲಿ ಎಣಿಸಬಹುದಾದಷ್ಟೇ ಆಟಗಳು ವೇಷ ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಿದ್ದುವು. ದಿನಕ್ಕಿಷ್ಟೆಂದು ಬಾಡಿಗೆಗೆ ಕೊಡುವ ಅಂಗಡಿಗಳಿದ್ದುವು. ಆಟ ಹತ್ತದಿದ್ದರೆ ಕ್ಯಾಸೆಟ್ಟಿನ ಬಾಯಿಗೆ ಊದುವುದು ಎಲ್ಲರೂ ಬಲ್ಲ ಚಿಕಿತ್ಸೆ. ಅದರಿಂದ ಗುಣಕ್ಕಿಂತ ಕೇಡೇ ಹೆಚ್ಚು, ಉಸಿರಿನ ತೇವಕ್ಕೆ ಲೋಹದ ತುದಿಗಳು ಕಿಲುಬುಗಟ್ಟುತ್ತವೆ ಎಂಬುದು ಆಮೇಲೆ ತಿಳಿದ ಸಂಗತಿ. ತಮ್ಮನ ಪಕ್ಕದಲ್ಲಿ ಕುಳಿತು ನಾನೂ ಊದಿದ್ದೇನೆ. ಆಗಲೇ ನನಗೆ ಮೀಸೆ ಬಂದಿತ್ತೆಂಬುದನ್ನು ಇಲ್ಲಿಯವರೆಗೆ ಹೊರಗೆ ಹೇಳಿರಲಿಲ್ಲ.

ಆ ಕಾಲ ಸರಿಯಿತು. ಸಿ.ಡಿ. ಬಂದಿತು, ಕಂಪ್ಯೂಟರು ಬಂದಿತು, ಕೊನೆಗೆ ಆಟವೆಲ್ಲ ಮೊಬೈಲಿನೊಳಗೆ ಹೊಕ್ಕಿತು. ಕ್ಯಾಸೆಟ್ಟುಗಳು ಅಟ್ಟಕ್ಕೇರಿದುವು; ಅಟ್ಟದಿಂದ ಗುಜರಿಗೆ ಇಳಿದುವು. ನನ್ನಂಥವನ ಬೇಟೆ ಮೊದಲಾಗುವುದು ಅಲ್ಲಿಂದ. ಮುಚ್ಚುಮರೆಯಿಲ್ಲದೆ ಹೇಳುವುದಾದರೆ, ಕೊಳ್ಳುವವನಿಗೆ ತಿಳಿದದ್ದು ಮಾರುವವನಿಗೆ ತಿಳಿಯದಿದ್ದಾಗ ಮಾತ್ರ ಇಂಥ ವಸ್ತು ಅಗ್ಗವಾಗುತ್ತದೆ. ಟೋಕಿಯೋದ ಅಕಿಹಬಾರದಲ್ಲಿ ಹಳೆಯ ಆಟಗಳಿಗೆಂದೇ ಅಂಗಡಿಗಳಿವೆ. ಅಲ್ಲಿ ಬೆಲೆಯನ್ನು ಬಲ್ಲವರೇ ಬೆಲೆಯ ಚೀಟಿ ಅಂಟಿಸುತ್ತಾರೆ, ಬೇಟೆಗಾರನಿಗೆ ಕೆಲಸ ಕಡಿಮೆ. ನಮ್ಮ ಸಂತೆಯಲ್ಲಿ ಹಾಗಲ್ಲ. ತುಕ್ಕು ಹಿಡಿದ ಬೀಗ, ಒಂಟಿ ಚಪ್ಪಲಿ, ಗಾಜು ಒಡೆದ ಗಡಿಯಾರಗಳ ನಡುವೆ ಅಸಲೂ ನಕಲಿಯೂ ಒಂದೇ ಗೋಣಿಯ ಮೇಲೆ ಬಿದ್ದಿರುತ್ತವೆ. ಅಸಲನ್ನು ಗುರುತಿಸಲು ಕೆಲವು ಉಪಾಯಗಳುಂಟು. ಚೀಟಿಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಕಾರ್ಖಾನೆಯಲ್ಲಿ ಒತ್ತಿದ ಸಣ್ಣ ಅಂಕಿಯ ಗುರುತು ಕಾಣಬೇಕು. ಬೆನ್ನಿನ ತಿರುಪು ಮಾಮೂಲಿನ ತಿರುಪುಳಿಗೆ ಒಗ್ಗಬಾರದು. ಬಾಯೊಳಗೆ ಇಣುಕಿದರೆ ಹಲಗೆಯ ಮೇಲೆ ಸಂಸ್ಥೆಯ ಹೆಸರು ಅಚ್ಚಾಗಿರಬೇಕು. ಇವನ್ನೆಲ್ಲ ನೋಡುತ್ತಿರುವಾಗ ಮುಖ ಮಾತ್ರ ಒಂಟಿ ಚಪ್ಪಲಿಯನ್ನು ನೋಡುತ್ತಿರುವಂತೆ ಇರಬೇಕು. ಈ ಕೊನೆಯ ವಿದ್ಯೆಯನ್ನು ನಾನು ಚೆನ್ನಾಗಿ ಕಲಿತಿದ್ದೆನೆಂದು ಹೆಮ್ಮೆಪಡುತ್ತಿದ್ದೆ.

ಎರಡು ವರ್ಷಗಳ ಹಿಂದೆ, ಕಾರ್ತಿಕದ ಒಂದು ಭಾನುವಾರ ಬೆಳಗ್ಗೆ, ಬೆಂಗಳೂರಿನ ಚಿಕ್ಕಪೇಟೆಯ ಆಸುಪಾಸಿನಲ್ಲಿ ಒಬ್ಬ ವೃದ್ಧರ ಗೋಣಿಯ ಮುಂದೆ ಕುಳಿತೆ. ಮೂರು ಕ್ಯಾಸೆಟ್ಟುಗಳಿದ್ದುವು. ಎರಡು ನಕಲಿ. ಮೂರನೆಯದು ಕೆಂಪು ಬಣ್ಣದ್ದು, ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ನಿಂಟೆಂಡೊ 1989ರಲ್ಲಿ ಹೊರತಂದ ಗೇಮ್ ಬಾಯ್ ಎಂಬ ಕೈಯಂತ್ರಕ್ಕೆ ಸೇರಿದ ‘ಪೋಕೆಮಾನ್ ರೆಡ್’, ಅಸಲು. ನಾನು ಮೊದಲು ಗಡಿಯಾರದ ಬೆಲೆ ಕೇಳಿದೆ. ಆಮೇಲೆ ಹಗುರವಾಗಿ, “ಇವು ಹೇಗೆ ಯಜಮಾನರೆ?” ಎಂದೆ.

“ನಡೀತವೋ ಇಲ್ಲವೋ ನಂಗೊತ್ತಿಲ್ಲ ಸಾರ್. ಒಂದಕ್ಕೆ ಐವತ್ತು. ಮೂರೂ ತೊಗೊಂಡ್ರೆ ನೂರು ಕೊಡಿ.”

ಕೊಟ್ಟೆ. ಬಲ್ಲವರ ನಡುವೆ ಆ ಕೆಂಪು ಕ್ಯಾಸೆಟ್ ಒಂದಕ್ಕೇ ಸಾವಿರಾರು ರೂಪಾಯಿ ಬೆಲೆಯುಂಟು. ಆ ಸುಖವನ್ನು ಅನುಭವಿಸಿದವರೇ ಬಲ್ಲರು; ಬೀದಿಯ ತಿರುವು ದಾಟುವವರೆಗೆ ಬೇಕೆಂದೇ ನಿಧಾನವಾಗಿ ನಡೆದೆ.

ಮನೆಗೆ ಬಂದು ಲೋಹದ ತುದಿಗಳನ್ನು ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸಿ, ಕೈಯಂತ್ರಕ್ಕೆ ನಾಲ್ಕು ಸೆಲ್ ಹಾಕಿ, ಕಿಟಕಿಯ ಬೆಳಕಿಗೆ ಹಿಡಿದೆ. ಮೊದಲಿನ ಗೇಮ್ ಬಾಯ್ ಪರದೆಗೆ ತನ್ನದೆಂಬ ಬೆಳಕಿಲ್ಲ. ಆಟ ಹತ್ತಿತು. ಹಿಂದಿನ ಆಟವನ್ನು ಮುಂದುವರಿಸುವಿರಾ ಎಂದು ಕೇಳುವ ಸಾಲಿನ ಕೆಳಗೆ ಆಟಗಾರನ ಹೆಸರು ಮೂಡಿತು: ಮಂಜು. ಪದಕಗಳು 7. ಆಡಿದ ಕಾಲ 58 ಗಂಟೆ 12 ನಿಮಿಷ.

ಈ ಆಟವನ್ನು ಅರಿಯದವರಿಗೆ ಒಂದು ಮಾತು. ಇದರಲ್ಲಿ ಒಬ್ಬ ಹುಡುಗ ಊರೂರು ಅಲೆದು ವಿಚಿತ್ರ ಪ್ರಾಣಿಗಳನ್ನು ಹಿಡಿದು ಪಳಗಿಸಿ, ಎಂಟು ಗರಡಿಗಳ ಗುರುಗಳನ್ನು ಗೆದ್ದು ಎಂಟು ಪದಕಗಳನ್ನು ಪಡೆಯಬೇಕು. ಎಂಟನೆಯ ಗರಡಿಯಿರುವುದು ದಾರಿಯ ಕೊನೆಯಲ್ಲಲ್ಲ. ಹುಡುಗ ಮನೆ ಬಿಟ್ಟ ಮೇಲೆ ಕಾಲಿಡುವ ಮೊಟ್ಟಮೊದಲ ಪಟ್ಟಣದಲ್ಲಿ. ಮೊದಲ ದಿನ ಅದರ ಬಾಗಿಲು ಹಾಕಿರುತ್ತದೆ. ಏಳು ಪದಕಗಳನ್ನು ಗಳಿಸಿ ಹಿಂದಿರುಗಿದವನಿಗೆ ಮಾತ್ರ ಅದು ತೆರೆಯುತ್ತದೆ. ಮಂಜುವಿನ ಆಟವನ್ನು ತೆರೆದು ನೋಡಿದೆ. ಅವನು ಅದೇ ಪಟ್ಟಣದ ಶುಶ್ರೂಷಾಲಯದಲ್ಲಿ, ತನ್ನ ಪ್ರಾಣಿಗಳಿಗೆ ಆರೈಕೆ ಮಾಡಿಸಿಕೊಂಡು ನಿಂತಿದ್ದ. ಗರಡಿಯ ಬಾಗಿಲು ನಾಲ್ಕು ಹೆಜ್ಜೆಯಾಚೆ. ಅಲ್ಲಿ ಆಟ ನಿಂತಿತ್ತು. ಪರೀಕ್ಷೆ ಬಂದಿತೋ, ತಂದೆ ಕಿತ್ತಿಟ್ಟರೋ, ಸೆಲ್ಲಿಗೆ ಕಾಸಿರಲಿಲ್ಲವೋ, ಇಲ್ಲವೆ ಮನಸ್ಸೇ ಬೇರೆಡೆಗೆ ಹೋಯಿತೋ!

ತೊಡಕು ಹುಟ್ಟಿದುದು ಆಮೇಲೆ. ಆ ಕ್ಯಾಸೆಟ್ಟಿನಲ್ಲಿ ನೆನಪಿಟ್ಟುಕೊಳ್ಳಲು ಒಬ್ಬನಿಗೆ ಮಾತ್ರ ಸ್ಥಳ. ನಾನು ಹೊಸದಾಗಿ ಆಡಿ ನನ್ನ ಆಟವನ್ನು ಉಳಿಸಿದರೆ ಮಂಜು ಅಳಿಸಿಹೋಗುತ್ತಾನೆ. ಆಡದೆ ಬಿಟ್ಟರೂ ಅವನಿಗೆ ಕ್ಷೇಮವಿಲ್ಲ. ಆ ಐವತ್ತೆಂಟು ಗಂಟೆಗಳನ್ನು ಹಿಡಿದಿಟ್ಟಿರುವುದು ಒಳಗೆ ಬೆಸುಗೆ ಹಾಕಿರುವ ಗುಂಡಿಯಷ್ಟು ದೊಡ್ಡ ಒಂದು ಬ್ಯಾಟರಿ; ಈ ಆಟ ಅಮೆರಿಕದಲ್ಲಿ ಮಾರಾಟಕ್ಕೆ ಬಂದುದು 1998ರಲ್ಲಿ; ಇಷ್ಟು ವರ್ಷ ಬಾಳಿದ್ದೇ ಅದರ ದೊಡ್ಡತನ. ಅದು ಸತ್ತ ದಿನ ಆಟ ಉಳಿಯುತ್ತದೆ, ಹುಡುಗ ಉಳಿಯುವುದಿಲ್ಲ. ಬ್ಯಾಟರಿಯನ್ನು ಬದಲಾಯಿಸಲು ಕಿತ್ತರೂ ಅದೇ ಗತಿ. ಕ್ಯಾಸೆಟ್ಟಿನ ನೆನಪನ್ನು ಕಂಪ್ಯೂಟರಿಗೆ ನಕಲು ಮಾಡಿಕೊಳ್ಳುವ ಸಲಕರಣೆಯೊಂದು ಗೆಳೆಯರ ಬಳಿ ಇತ್ತು, ನಕಲು ತೆಗೆಸಿದ್ದೇನೆ. ಹೊಸ ಬ್ಯಾಟರಿ ಹಾಕಿ ಅದನ್ನೇ ಮತ್ತೆ ತುಂಬಬಹುದು ಎಂದು ಅವರು ಹೇಳುತ್ತಾರೆ. ಹೌದು. ಆದರೂ ಕೈ ಏಳಲಿಲ್ಲ. ಕೊನೆಗೆ, ಆಡುವುದಕ್ಕೆಂದು ಇನ್ನೊಂದು ಪ್ರತಿಯನ್ನು ಬಲ್ಲವರೊಬ್ಬರಿಂದ ಪೂರ್ಣ ಬೆಲೆ ತೆತ್ತು ಕೊಂಡೆ. ಅಗ್ಗದ ಬೇಟೆಯಲ್ಲಿ ನಾನು ಮಾಡಿದ ಅತಿ ದುಬಾರಿ ವ್ಯಾಪಾರ ಅದೇ.

ಈ ಆಟವನ್ನು ಕಲ್ಪಿಸಿದ ಸತೋಶಿ ತಜಿರಿಯವರು ಬಾಲ್ಯದಲ್ಲಿ ಹುಳುಹುಪ್ಪಟೆಗಳನ್ನು ಹಿಡಿದು ಕೂಡಿಡುತ್ತಿದ್ದರಂತೆ. ಊರು ಬೆಳೆದು ಹೊಲ-ಕೊಳಗಳು ಮಾಯವಾದಾಗ, ಹಿಡಿದು ಕೂಡಿಡುವ ಆ ಸುಖವನ್ನು ಅವರು ಯಂತ್ರದೊಳಗೆ ತಂದರು. ಜಪಾನಿನಲ್ಲಿ 1996ರಲ್ಲಿ ಅದು ಹೊರಬಂದಿತು. 151 ಪ್ರಾಣಿಗಳು, ಆದರೆ ಒಂದೇ ಕ್ಯಾಸೆಟ್ಟಿನಲ್ಲಿ ಎಲ್ಲವೂ ಸಿಕ್ಕುವುದಿಲ್ಲ. ಇನ್ನೊಬ್ಬ ಹುಡುಗನ ಯಂತ್ರಕ್ಕೆ ತಂತಿ ಜೋಡಿಸಿ ವಿನಿಮಯ ಮಾಡಿಕೊಳ್ಳಬೇಕು. ಮಾಡಿದವರ ಉದ್ದೇಶವೇ ಅದು.

ಸಂಗ್ರಹಕಾರರಲ್ಲಿ ಇನ್ನೊಂದು ಪಂಗಡವಿದೆ. ಅವರಿಗೆ ಬೇಕಾದುದು ಮೊಹರು ಒಡೆಯದ ಪೆಟ್ಟಿಗೆ. 2021ರ ಜುಲೈಯಲ್ಲಿ ಅಮೆರಿಕದ ಒಂದು ಹರಾಜಿನಲ್ಲಿ, ಯಾರೂ ತೆರೆಯದ ‘ಸೂಪರ್ ಮಾರಿಯೋ 64’ರ ಒಂದು ಪ್ರತಿ 15 ಲಕ್ಷ 60 ಸಾವಿರ ಡಾಲರಿಗೆ ಹೋಯಿತು. ತೆರೆದರೆ ಬೆಲೆ ಬೀಳುತ್ತದೆ. ಆದುದರಿಂದ ಆ ಆಟವನ್ನು ಯಾರೂ ಎಂದೂ ಆಡಲಾರರು. ಇದಕ್ಕಿಂತ ಅಲಮೊಗೊರ್ಡೊದ ಕಸದ ಗುಂಡಿಯ ಕಥೆ ನನಗೆ ಹೆಚ್ಚು ಪ್ರಿಯ. 1982ರಲ್ಲಿ ಅಟಾರಿ ಸಂಸ್ಥೆಗಾಗಿ ‘ಇ.ಟಿ.’ ಚಲನಚಿತ್ರದ ಆಟವನ್ನು ಹವರ್ಡ್ ಸ್ಕಾಟ್ ವಾರ್ಷಾ ಸುಮಾರು ಐದೇ ವಾರಗಳಲ್ಲಿ ರಚಿಸಿದರು. ಅದು ಸೋತಿತು, ಮರುವರ್ಷ ಮಾರಾಟವಾಗದ ಸರಕಿನ ರಾಶಿಯನ್ನು ನ್ಯೂ ಮೆಕ್ಸಿಕೊದ ಆ ಊರಿನ ಗುಂಡಿಯಲ್ಲಿ ಹೂತರು. 2014ರ ಏಪ್ರಿಲಿನಲ್ಲಿ ಅದನ್ನು ಅಗೆದು ತೆಗೆದರು. ನಗರಾಡಳಿತ ಕೆಲವು ನೂರು ಪ್ರತಿಗಳನ್ನು ಹರಾಜಿಗೆ ಹಾಕಿ ಲಕ್ಷ ಡಾಲರಿಗೂ ಮೇಲ್ಪಟ್ಟು ಗಳಿಸಿತು. ಒಂದು ಪ್ರತಿ ಸ್ಮಿತ್ಸೋನಿಯನ್ ಸಂಗ್ರಹಾಲಯಕ್ಕೆ ಹೋಯಿತು. ಹೂತವರಿಗೆ ಅದು ಕಸ. ಮೂವತ್ತೊಂದು ವರ್ಷಗಳಲ್ಲಿ ಮಣ್ಣು ಅದನ್ನು ಇತಿಹಾಸ ಮಾಡಿಬಿಟ್ಟಿತು!

ಗುಜರಿಯ ಗೋಣಿಯನ್ನು ನಾನು ಲಘುವಾಗಿ ಎಣಿಸದಿರುವುದಕ್ಕೆ ಕಾರಣ ಇದು. ಅಮೆರಿಕದ ವಿಡಿಯೋ ಗೇಮ್ ಇತಿಹಾಸ ಪ್ರತಿಷ್ಠಾನ 2023ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, 2010ಕ್ಕೆ ಮುಂಚೆ ಆ ದೇಶದಲ್ಲಿ ಹೊರಬಂದ ಆಟಗಳಲ್ಲಿ ನೂರಕ್ಕೆ 87ರಷ್ಟು ಇಂದು ಅಂಗಡಿಯಲ್ಲಿ ಕೊಳ್ಳಲು ಸಿಕ್ಕುವುದಿಲ್ಲ. ಅದೇ ವರ್ಷದ ಮಾರ್ಚಿಯಲ್ಲಿ ನಿಂಟೆಂಡೊ ತನ್ನ ಎರಡು ಹಳೆಯ ಯಂತ್ರಗಳ ಅಂತರಜಾಲದ ಮಳಿಗೆಗಳನ್ನು ಮುಚ್ಚಿತು. ಗ್ರಂಥಾಲಯಗಳು ಇಂಥ ಹಳೆಯ ಆಟಗಳನ್ನು ಸಂಶೋಧಕರಿಗೆ ದೂರದಿಂದ ಒದಗಿಸಲು ಅನುಮತಿ ಬೇಡಿದಾಗ, ಅಲ್ಲಿನ ಹಕ್ಕುಸ್ವಾಮ್ಯ ಕಚೇರಿ 2024ರಲ್ಲಿ ನಿರಾಕರಿಸಿತು. ನಮ್ಮಲ್ಲಿ 1954ರ ಕಾನೂನಿನಂತೆ ಪುಸ್ತಕ ಪ್ರಕಟಿಸಿದವರು ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೆ ಪ್ರತಿ ಕಳುಹಿಸಬೇಕು. 1956ರ ತಿದ್ದುಪಡಿಯಿಂದ ಪತ್ರಿಕೆಗಳೂ ಸೇರಿದುವು. ಆಟಗಳ ಮಾತು ಅದರಲ್ಲಿಲ್ಲ. ಇನ್ನು ‘ಒಂದರಲ್ಲಿ 9999’ ಎಂಬ ಆ ಸುಳ್ಳಿನ ಚೀಟಿಗಳನ್ನು ಯಾರು ಕಾಪಾಡಬೇಕು? ಅಸಲು ಆಟಗಳನ್ನು ಜಪಾನಿನವರೋ ಅಮೆರಿಕದವರೋ ಕಾಪಾಡಿಯಾರು. ನಮ್ಮ ಮಕ್ಕಳು ಆಡಿದುದು ನಕಲಿಯನ್ನು. ಅದು ನಮ್ಮ ಇತಿಹಾಸ. ಅದಕ್ಕಾಗಿಯೇ ಈಗ ನಕಲಿಗಳನ್ನೂ ಕೊಳ್ಳುತ್ತೇನೆ. ಹಳೆಯ ಗಾಜಿನ ಬುರುಡೆಯ ಟೆಲಿವಿಷನ್ನೊಂದನ್ನೂ ಇಟ್ಟುಕೊಂಡಿದ್ದೇನೆ. ಬಂದೂಕು ಹಿಡಿದು ಬಾತುಕೋಳಿ ಹೊಡೆಯುವ ಆಟವನ್ನು ಹೊಸ ತೆಳು ಟೆಲಿವಿಷನ್ನಿನ ಮುಂದೆ ಆಡಿದರೆ ಒಂದು ಗುಂಡೂ ತಗಲುವುದಿಲ್ಲ. ಆ ಬಂದೂಕಿನ ಕಣ್ಣಿಗೆ ಬೇಕಾದುದು ಹಳೆಯ ಬುರುಡೆ ಗೆರೆಗೆರೆಯಾಗಿ ಚಿತ್ರ ಬರೆಯುವಾಗ ಚಿಮ್ಮುವ ಬೆಳಕು. ಟೆಲಿವಿಷನ್ ಕೂಡದೆ ಕ್ಯಾಸೆಟ್ ಕೂಡಿಟ್ಟು ಫಲವಿಲ್ಲ. ಮನೆಯಲ್ಲಿ ಸ್ಥಳವಿಲ್ಲವೆಂಬ ದೂರು ನ್ಯಾಯವಾದದ್ದೇ.

ಆ ವೃದ್ಧರ ವಿಷಯ ಮರೆತಿಲ್ಲ. ಇತಿಹಾಸರಕ್ಷಣೆಯ ಮಾತನ್ನು ಎಷ್ಟು ಆಡಿದರೂ, ತಿಳಿಯದವರೊಬ್ಬರಿಂದ ನೂರು ರೂಪಾಯಿಗೆ ಕಿತ್ತುಕೊಂಡೆನೆಂಬ ಮುಳ್ಳು ಒಳಗೆ ಮುರಿದು ನಿಂತಿತ್ತು. ಮುಂದಿನ ಭಾನುವಾರ ಹೋಗಿ ಇದ್ದುದನ್ನು ಇದ್ದಂತೆ ಹೇಳಿ ಐನೂರು ರೂಪಾಯಿ ಕೊಟ್ಟೆ. ಅವರು ನೋಟನ್ನು ಬಿಸಿಲಿಗೆ ಹಿಡಿದು ನೋಡಿದರು; ನಾನು ಚೀಟಿಯನ್ನು ನೋಡಿದಂತೆಯೇ. ಆಮೇಲೆ ಮಡಿಸಿ ಜೇಬಿಗಿಟ್ಟುಕೊಂಡರು. ಮಂಜುವಿನ ಸಂಗತಿಯನ್ನೂ ಹೇಳಿದೆ. ಆ ಸಾಮಾನು ಒಡೆಯುತ್ತಿದ್ದ ಒಂದು ಮನೆಯಿಂದ ಬಂದುದಂತೆ, ಯಾರದೆಂದು ತಿಳಿಯದು.

ನನ್ನ ಪ್ರಾಮಾಣಿಕತೆಯ ಫಲ ಮೂರನೆಯ ವಾರವೇ ಕಂಡಿತು. ಗೋಣಿಯ ಮೇಲಿನ ಪ್ರತಿಯೊಂದು ಕ್ಯಾಸೆಟ್ಟಿಗೂ, ಅಸಲಿರಲಿ ನಕಲಿಯಿರಲಿ, ಐನೂರು ರೂಪಾಯಿ. ಕೊಳ್ಳುವವರಿಲ್ಲ, ಹುಡುಗರು ಬೆಲೆ ಕೇಳಿ ನಕ್ಕು ಎದ್ದುಹೋಗುತ್ತಿದ್ದರು. ಮಾರದಿದ್ದುದನ್ನು ತಿಂಗಳ ಕೊನೆಗೆ ತೂಕಕ್ಕೆ ಹಾಕುವರೆಂಬ ಭಯದಿಂದ ನಾನೇ ಎರಡನ್ನು ಕೊಂಡೆ, ಎರಡೂ ನಕಲಿ. ನಾನು ಏಳುವಷ್ಟರಲ್ಲಿ ಅವರು ಮೆಲ್ಲಗೆ ಕೇಳಿದರು:

“ಸಾರ್, ಒಳಗೆ ಹೆಸರಿರೋದು ಬಂದ್ರೆ ನಿಮಗೆ ಅಂತ ಎತ್ತಿಡ್ಲಾ?”

“ಎತ್ತಿಡಿ ಯಜಮಾನರೆ.”

“ಅದಕ್ಕೆ ರೇಟ್ ಬೇರೆ.”