ವಾಕ್ಯ ಸ್ಟೇಟಸ್‌ನಲ್ಲಿ ಇದ್ದರೆ ಸಾಕಾ?

ಬೆಳಗ್ಗೆ ಎದ್ದ ತಕ್ಷಣ ವಾಟ್ಸ್‌ಆ್ಯಪ್ ಸ್ಟೇಟಸ್ ನೋಡುವವರಿಗೆ ಇದು ಹೊಸದಲ್ಲ. ಸೂರ್ಯೋದಯದ ಚಿತ್ರ, ಅದರ ಮೇಲೆ ಬಿಳಿ ಅಕ್ಷರದಲ್ಲಿ ಒಂದು ಬೈಬಲ್ ವಾಕ್ಯ, ಕೊನೆಗೆ ಕೈಮುಗಿಯುವ ಎಮೋಜಿ. ಅದೇ ವಾಕ್ಯ ನಾಲ್ಕು ಜನರ ಸ್ಟೇಟಸ್‌ನಲ್ಲಿ. ಮೊದಲ ಪೀರಿಯಡ್ ಮುಗಿದ ಮೇಲೆ ಅದು ಯಾವ ವಾಕ್ಯ ಅಂತ ಕೇಳಿ ನೋಡಿ, ಹಾಕಿದವರಿಗೇ ನೆನಪಿರಲ್ಲ. ವಾಕ್ಯ ಹಾಕೋದು ತಪ್ಪು ಅಂತ ನಾವು ಹೇಳ್ತಿಲ್ಲ. ಆದರೆ ಓದೋದು ಬೇರೆ, ಫಾರ್ವರ್ಡ್ ಮಾಡೋದು ಬೇರೆ. ನಂಬಿಕೆ ಬೆಳೆಯೋದು ಓದಿ ಯೋಚಿಸೋದರಿಂದ, ಅದೂ ದಿನಾ, ಸ್ವಲ್ಪ ಸ್ವಲ್ಪ. ನಮ್ಮ ವಾದ ಇಷ್ಟೇ.

ನಾವು ಅಂದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯಿಂದ ಇಂಜಿನಿಯರಿಂಗ್ ಓದೋಕೆ ಬಂದಿರುವ ಬೆರಳೆಣಿಕೆಯ ಕ್ರೈಸ್ತ ಹುಡುಗ ಹುಡುಗಿಯರು. ಬಹುತೇಕ ಎಲ್ಲರೂ ಇಂಗ್ಲಿಷ್ ಮೀಡಿಯಂ. ಆದ್ದರಿಂದ ಕನ್ನಡದಲ್ಲಿ ಎಲ್ಲಾದರೂ ಕಾಲು ಜಾರಿದರೆ ಸಂಪಾದಕರು ಕೈಹಿಡಿಯಲಿ. ಕನ್ನಡ ಸಂಘದ ಪತ್ರಿಕೆಯಲ್ಲಿ ಬೈಬಲ್ ಬಗ್ಗೆ ಯಾಕೆ ಅನ್ನುವವರಿಗೆ ಮೊದಲು ಒಂದು ಸಣ್ಣ ಇತಿಹಾಸ.

ನಮ್ಮ ಐದೂ ತಾಲ್ಲೂಕುಗಳು 2021ರಿಂದ ವಿಜಯನಗರ ಜಿಲ್ಲೆಯಲ್ಲಿವೆ. ಅದಕ್ಕೆ ಮೊದಲು ಎಲ್ಲ ಬಳ್ಳಾರಿ ಸೀಮೆಯೇ. ಹರಪನಹಳ್ಳಿ ಮಾತ್ರ ನಡುವೆ ಕೆಲವು ವರ್ಷ ದಾವಣಗೆರೆಗೆ ಹೋಗಿ ಬಂತು. ಇಡೀ ಬೈಬಲ್ ಕನ್ನಡಕ್ಕೆ ಬಂದ ಕೆಲಸ ನಡೆದದ್ದು ಇದೇ ಬಳ್ಳಾರಿಯಲ್ಲಿ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದರು. ಆಗ ಕಿಟೆಲ್ ನಿಘಂಟು ಇರಲಿಲ್ಲ, ಅದು ಬಂದದ್ದು 1894ರಲ್ಲಿ. ಭಾಷೆಯನ್ನು ಮೊದಲಿಂದ ಕಲಿತು, ಒಂದೊಂದೇ ಪುಸ್ತಕ ಅನುವಾದ ಮಾಡುತ್ತಾ ಹೋಗಿ, ಪೂರ್ತಿ ಬೈಬಲ್ ಸಿದ್ಧವಾದದ್ದು 1831ರ ಹೊತ್ತಿಗೆ. ಅವರ ಜೊತೆಗಾರ ವಿಲಿಯಂ ರೀವ್ ಮಾಡಿದ ಕನ್ನಡ-ಇಂಗ್ಲಿಷ್ ನಿಘಂಟು 1832ರಲ್ಲಿ ಬಂತು. 1843ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ ಶುರುವಾದ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ ಕೂಡ ಮರುವರ್ಷ ಮೊಳೆ ಅಚ್ಚು ಇದ್ದ ಬಳ್ಳಾರಿಗೆ ಬಂದು ‘ಕನ್ನಡ ಸಮಾಚಾರ’ ಆಯಿತು. ಅಂದರೆ ಇಪ್ಪತ್ತು ವರ್ಷ ಒಂದೊಂದು ಪದದ ಮುಂದೆ ನಿಂತು ಯೋಚಿಸಿ ಮಾಡಿದ ಕೆಲಸವನ್ನು ನಾವೆಲ್ಲ ಇವತ್ತು ಹೆಬ್ಬೆರಳಿನಿಂದ ಎರಡು ಸೆಕೆಂಡ್‌ನಲ್ಲಿ ಮೇಲಕ್ಕೆ ತಳ್ಳುವ ಕಾಲ ಇದು.

ಈಗ ‘ನಿಜವಾದ’ ಅನ್ನುವ ಪದಕ್ಕೆ ಬರೋಣ. ಈ ಪದ ನಮಗೆ ಸುಲಭದ್ದಲ್ಲ. ನೀವು ನಿಜವಾದ ಕ್ರೈಸ್ತರಾ ಅಂತ ನಮ್ಮನ್ನು ಕೇಳುವವರು ಬಹಳ ಜನ. ಇನ್‌ಸ್ಟಾಗ್ರಾಮ್ ಕಾಮೆಂಟ್‌ಗಳಲ್ಲಿ ‘ಅಕ್ಕಿ ಮೂಟೆ’ ಅಂತ ಹಂಗಿಸುವವರಿದ್ದಾರೆ, ಅಂದರೆ ಅಕ್ಕಿ ಆಸೆಗೆ ಮತ ಬದಲಿಸಿದವರ ಮಕ್ಕಳು ಅಂತ. ಇನ್ನೊಂದು ಕಡೆ ಸರ್ಟಿಫಿಕೇಟ್. ನಮ್ಮ ಕಡೆ ಚರ್ಚಿಗೆ ಹೋಗುವ ಎಷ್ಟೋ ಮನೆಗಳು ದಲಿತರ ಮನೆಗಳು. 1950ರ ರಾಷ್ಟ್ರಪತಿಗಳ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನ ಹಿಂದೂಗಳಿಗೆ ಮಾತ್ರ ಇತ್ತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಸಿಕ್ಕಿತು. ಕ್ರೈಸ್ತರಿಗೆ ಇಲ್ಲ. ಹಾಗಾಗಿ ಸಿಇಟಿ ಫಾರ್ಮ್ ತುಂಬುವಾಗ ಧರ್ಮದ ಕಾಲಂ ಬಂದರೆ ಕೆಲವು ಮನೆಗಳಲ್ಲಿ ಎಲ್ಲರೂ ಒಂದು ನಿಮಿಷ ಸುಮ್ಮನಾಗ್ತಾರೆ. ಒಳಗೂ ಅಳತೆಗೋಲುಗಳು ಕಡಿಮೆ ಇಲ್ಲ. ಯಾರು ಜೋರಾಗಿ ಪ್ರಾರ್ಥನೆ ಮಾಡಿದರು, ಯೂತ್ ರಿಟ್ರೀಟ್‌ನಲ್ಲಿ ಯಾರು ಹೆಚ್ಚು ಅತ್ತರು, ಯಾರು ಒಂದು ಭಾನುವಾರವೂ ತಪ್ಪಿಸಲಿಲ್ಲ, ಹೀಗೆ.

ನಮ್ಮ ಅಭಿಪ್ರಾಯದಲ್ಲಿ ಹಂಗಿಸುವವರಿಗೂ ಕಾಲಂಗೂ ಅಳತೆಗೋಲಿಗೂ ಇದನ್ನು ತೀರ್ಮಾನ ಮಾಡೋಕೆ ಆಗಲ್ಲ. ಯಾರೂ ನೋಡದ ಹೊತ್ತಲ್ಲಿ ನಾವು ಏನು ಓದ್ತೇವೆ, ಓದಿದ್ದು ನಮ್ಮ ಹತ್ತಿರ ಏನು ಮಾಡಿಸುತ್ತೆ, ಅದರಲ್ಲಿ ಮಾತ್ರ ಅದು ಗೊತ್ತಾಗೋದು.

ಒಂದು ಉದಾಹರಣೆ. ಡಿಸೆಂಬರ್ 31ರ ರಾತ್ರಿ ಆರಾಧನೆ ಮುಗಿದ ಮೇಲೆ ನಮ್ಮ ಎಷ್ಟೋ ಸಭೆಗಳಲ್ಲಿ ವಾಗ್ದಾನದ ಕಾರ್ಡ್ ತೆಗೆಯುವ ರೂಢಿ ಇದೆ. ಕಣ್ಣುಮುಚ್ಚಿ ಒಂದು ಕಾರ್ಡ್ ಎತ್ತೋದು, ಅದರಲ್ಲಿ ಬಂದ ವಾಕ್ಯ ಆ ವರ್ಷಕ್ಕೆ ನಮ್ಮದು. ಹಡಗಲಿ ತಾಲ್ಲೂಕಿನ ಮೈಲಾರದ ಕಾರಣಿಕ ಗೊತ್ತಿದ್ದವರಿಗೆ ಇದು ಅರ್ಥವಾಗುತ್ತೆ. ಗೊರವಪ್ಪ ಬಿಲ್ಲು ಏರಿ ಒಂದೇ ಮಾತು ನುಡಿತಾರೆ. ಅದು ಮಳೆಯ ಬಗ್ಗೆಯೋ ರಾಜಕೀಯದ ಬಗ್ಗೆಯೋ ಅಂತ ಕಟ್ಟೆ ಮೇಲೆ ವರ್ಷವೆಲ್ಲ ಚರ್ಚೆ. ಒಂದು ಸಾಲನ್ನು ವರ್ಷಪೂರ್ತಿ ಮನಸ್ಸಲ್ಲಿ ಇಟ್ಟುಕೊಳ್ಳೋದು ನಮ್ಮ ಸೀಮೆಗೆ ಹೊಸದಲ್ಲ, ಅದು ಒಳ್ಳೆಯದೇ. ಆದರೆ ಬೈಬಲ್ ವಾಕ್ಯಕ್ಕೆ ಹಿಂದೆ ಮುಂದೆ ಇರುತ್ತೆ. ಕಾರ್ಡ್‌ನಲ್ಲಿ ಅದು ಕಟ್ ಆಗಿರುತ್ತೆ.

ಇಂಜಿನಿಯರಿಂಗ್ ಹುಡುಗರ ಅಚ್ಚುಮೆಚ್ಚಿನ ವಾಕ್ಯ ಯೆರೆಮೀಯನ ಪುಸ್ತಕದ 29ನೇ ಅಧ್ಯಾಯದ 11ನೆಯದು. ದೇವರು ನಮಗೆ ಕೇಡು ಬಗೆಯಲ್ಲ, ಒಳ್ಳೆಯ ಭವಿಷ್ಯ ಇಟ್ಟಿದ್ದಾನೆ ಅನ್ನುವ ಅರ್ಥದ್ದು. ಹಲವರು ಇದನ್ನು ಪ್ಲೇಸ್‌ಮೆಂಟ್ ಗ್ಯಾರಂಟಿ ಹಾಗೆ ಓದ್ತಾರೆ. ಹಿಂದಿನ ಹತ್ತು ವಾಕ್ಯ ಓದಿ ನೋಡಿ. ಇದು ಜೆರುಸಲೇಮಿನಿಂದ ಬಾಬಿಲೋನಿಗೆ ಸೆರೆಯಾಗಿ ಹೋದ ಜನಕ್ಕೆ ಬರೆದ ಕಾಗದ. ಬೇಗ ವಾಪಸ್ ಬರ್ತೀರಿ ಅಂತ ಅದರಲ್ಲಿ ಇಲ್ಲ. ಎಪ್ಪತ್ತು ವರ್ಷ ಆಗುತ್ತೆ, ಅಲ್ಲೇ ಮನೆ ಕಟ್ಟಿ, ತೋಟ ಮಾಡಿ, ಆ ಊರಿನ ಒಳಿತಿಗಾಗಿ ಪ್ರಾರ್ಥಿಸಿ ಅಂತ ಇದೆ. ಕೂಡ್ಲಿಗಿ, ಹರಪನಹಳ್ಳಿ ಕಡೆಯವರಿಗೆ ಗುಳೆ ಅಂದರೆ ಗೊತ್ತು. ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ ಕಾಫಿ ತೋಟಕ್ಕೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗುವ ಜನ. ಅವರ ಕಣ್ಣಲ್ಲಿ ಓದಿದರೆ ಈ ಕಾಗದ ಬೇರೆಯೇ ಆಗುತ್ತೆ. ಹೋದ ಊರು ನಮ್ಮದಲ್ಲದಿದ್ದರೂ ಆ ಊರಿಗೆ ಒಳ್ಳೆಯದು ಮಾಡು ಅನ್ನೋದು ಪ್ಯಾಕೇಜ್ ಸಿಗುತ್ತೆ ಅನ್ನೋದಕ್ಕಿಂತ ಕಷ್ಟದ ಮಾತು, ನಮ್ಮ ಪ್ರಕಾರ ಹೆಚ್ಚು ಧೈರ್ಯ ಕೊಡುವ ಮಾತು ಕೂಡ.

ಇನ್ನೊಂದು, ಮಾರ್ಕನ ಸುವಾರ್ತೆ 4ನೇ ಅಧ್ಯಾಯದ ಬಿತ್ತುವವನ ಕಥೆ. ಭಾನುವಾರದ ಶಾಲೆಯಲ್ಲಿ ಎಲ್ಲರೂ ಕೇಳಿರುವ ಕಥೆ. ಆದರೆ ನಮ್ಮ ಹೊಲ ನೋಡಿದವರಿಗೆ ಒಂದು ಅನುಮಾನ ಬರಬೇಕು. ನಮ್ಮ ಕಡೆ ಕೂರಿಗೆಯಲ್ಲಿ ಬಿತ್ತೋದು, ಜೋಳ ಆಗಲಿ ಶೇಂಗಾ ಆಗಲಿ ಬೀಜ ಸಾಲು ಹಿಡಿದು ಇಳಿಯುತ್ತೆ. ದಾರಿ ಮೇಲೆ, ಕಲ್ಲಿನ ಮೇಲೆ, ಮುಳ್ಳಲ್ಲಿ ಬೀಜ ಬಿತ್ತು ಅಂದರೆ ನಮ್ಮ ರೈತರು ನಗ್ತಾರೆ. ಕಥೆಯಲ್ಲಿರುವ ರೈತ ಕೈಯಿಂದ ಎರಚಿ ಬಿತ್ತುವವನು. ಅಷ್ಟು ತಿಳಿದ ಮೇಲೂ ಪ್ರಶ್ನೆ ಉಳಿಯುತ್ತೆ: ಕಲ್ಲು ನೆಲ ಅಂತ ಕಾಣ್ತಿದ್ದರೂ ಅವನು ಯಾಕೆ ಅಲ್ಲಿವರೆಗೆ ಎರಚಿದ? ಯಾವ ನೆಲ ಫಲ ಕೊಡುತ್ತೆ ಅಂತ ಮೊದಲೇ ತೀರ್ಮಾನ ಮಾಡದ ರೈತ ಅವನು ಅಂತ ಒಂದು ದಿನ ಅನ್ನಿಸುತ್ತೆ. ಆಗ ಹಾಸ್ಟೆಲ್‌ನಲ್ಲಿ ‘ಇವನಿಗೆ ಹೇಳಿ ಪ್ರಯೋಜನ ಇಲ್ಲ’ ಅಂತ ಎಲ್ಲರೂ ಬಿಟ್ಟುಬಿಟ್ಟ ಹುಡುಗ ನೆನಪಾಗ್ತಾನೆ, ಎದ್ದು ಹೋಗಿ ಅವನ ಜೊತೆ ಊಟ ಮಾಡಬೇಕಾಗುತ್ತೆ. ಇನ್ನೊಂದು ದಿನ ಕಲ್ಲು ನೆಲ ನಾವೇ ಇರಬಹುದಾ ಅಂತ ಕೇಳಿಕೊಳ್ಳಬೇಕಾಗುತ್ತೆ. ಬೇಗ ಮೊಳೆತು, ಬೇರಿಲ್ಲದೆ ಬಿಸಿಲಿಗೆ ಬಾಡೋದು ಆ ನೆಲದ ಗುಣ. ರಿಟ್ರೀಟ್‌ನ ಉತ್ಸಾಹ ಸೆಮಿಸ್ಟರ್ ಮಧ್ಯಕ್ಕೆ ಯಾಕೆ ಉಳಿಯಲ್ಲ ಅನ್ನೋದಕ್ಕೆ ಇದಕ್ಕಿಂತ ಸರಳ ವಿವರಣೆ ನಾವು ಕೇಳಿಲ್ಲ.

ಇದನ್ನೆಲ್ಲ ದಿನಾ ಯಾಕೆ ಮಾಡಬೇಕು, ವಾರಕ್ಕೊಮ್ಮೆ ಸಾಲದಾ? ಹಡಗಲಿ ಮಲ್ಲಿಗೆ ಬೆಳೆಯುವವರನ್ನು ಕೇಳಿ. ಭೌಗೋಳಿಕ ಗುರುತು ಸಿಕ್ಕಿರುವ ಹೂ ಅದು. ನಸುಕಿನಲ್ಲೇ ಹೋಗಿ ಮೊಗ್ಗು ಬಿಡಿಸಬೇಕು. ಇವತ್ತು ಬಿಡಿಸದ ಮೊಗ್ಗು ನಾಳೆಗೆ ಅರಳಿರುತ್ತೆ, ಮಾರ್ಕೆಟ್‌ಗೆ ಬರಲ್ಲ. ಬೈಬಲ್‌ನ ವಿಮೋಚನಕಾಂಡದಲ್ಲಿ ಮರುಭೂಮಿಯ ಜನಕ್ಕೆ ಸಿಕ್ಕಿದ ಮನ್ನ ಕೂಡ ಹೀಗೇ. ಆಯಾ ದಿನದ್ದು ಆಯಾ ದಿನ ಕೂಡಿಸಿಕೊಳ್ಳಬೇಕು, ಮರುದಿನಕ್ಕೆ ಅಂತ ಎತ್ತಿಟ್ಟದ್ದು ಹುಳ ಬಿತ್ತು. ಸಬ್ಬತ್ತಿನ ಹಿಂದಿನ ದಿನ ಮಾತ್ರ ಎರಡು ದಿನದ್ದು ಕೂಡಿಸೋಕೆ ಅವಕಾಶ ಇತ್ತು. ಇಂಟರ್ನಲ್ಸ್‌ಗೆ ಹಿಂದಿನ ರಾತ್ರಿ ಕೂತು ಪಾಸಾಗಬಹುದು. ಸಿಟ್ಟು ತಡೆಯೋದು, ಸುಳ್ಳು ಹೇಳದಿರೋದು, ಕ್ಷಮಿಸೋದು, ಇವಕ್ಕೆ ಹಿಂದಿನ ರಾತ್ರಿ ಅನ್ನೋದೇ ಇಲ್ಲ. ಯಾವ ದಿನ ಬೇಕಾಗುತ್ತೆ ಅಂತ ಟೈಮ್‌ಟೇಬಲ್ ಬರಲ್ಲ.

ಇಂಗ್ಲಿಷ್ ಮೀಡಿಯಂನವರಾದ ನಮಗೆ ಕನ್ನಡದ ‘ಸತ್ಯವೇದ’ ಕೊಟ್ಟ ಒಂದು ಲಾಭ ಹೇಳಲೇಬೇಕು. ಇಂಗ್ಲಿಷ್‌ನಲ್ಲಿ ಫೇತ್ ಅಂದರೆ ಎದೆಯೊಳಗಿನ ಒಂದು ಫೀಲಿಂಗ್ ಹಾಗೆ ಕೇಳಿಸುತ್ತೆ. ಕನ್ನಡದಲ್ಲಿ ಅದು ನಂಬಿಕೆ. ಅದೇ ಬೇರಿನಿಂದ ಬಂದದ್ದು ನಂಬಿಗಸ್ತ, ಅಂದರೆ ಬೇರೆಯವರು ನಂಬಬಹುದಾದ ಮನುಷ್ಯ. ಅಂಗಡಿಯ ಗಲ್ಲಾಪೆಟ್ಟಿಗೆ ಬಿಟ್ಟು ಹೋಗುವಾಗ ನಮ್ಮ ಹಿರಿಯರು ಹುಡುಕೋದು ಇಂಥವನನ್ನೇ. ನಂಬುವವನು ನಂಬಿಗಸ್ತನಾಗಿರಬೇಕು ಅನ್ನೋದು ಪದದಲ್ಲೇ ಇದೆ. ಹೊಸ ಒಡಂಬಡಿಕೆ ಬರೆದ ಗ್ರೀಕ್ ಭಾಷೆಯಲ್ಲೂ ಈ ಎರಡು ಅರ್ಥಗಳು ಒಂದೇ ಪದದಲ್ಲಿವೆ. ಲೂಕನ ಸುವಾರ್ತೆ 16ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಈ ಪರೀಕ್ಷೆಯನ್ನು ಸಣ್ಣ ವಿಷಯಗಳಿಂದ ಶುರು ಮಾಡ್ತಾರೆ. ನಮ್ಮ ಕ್ಯಾಂಪಸ್‌ನಲ್ಲಿ ಸಣ್ಣ ವಿಷಯ ಅಂದರೆ ಅಟೆಂಡೆನ್ಸ್ ಪ್ರಾಕ್ಸಿ, ಲ್ಯಾಬ್‌ನಲ್ಲಿ ಬಾರದ ರೀಡಿಂಗ್ ಅನ್ನು ಬಂದ ಹಾಗೆ ಬರೆಯೋದು, ಮೆಸ್ ಲೆಕ್ಕ. ಪ್ರಾಕ್ಸಿ ಹಾಕಲ್ಲ ಅಂದರೆ ಗೆಳೆಯ ಎರಡು ದಿನ ಮಾತು ಬಿಡ್ತಾನೆ. ಅದು ನಿಜವಾದ ನಷ್ಟ. ಆ ನಷ್ಟದ ಮುಂದೆ ಸ್ಟೇಟಸ್‌ನ ವಾಕ್ಯ ನಿಲ್ಲಲ್ಲ, ಬೆಳಗ್ಗೆ ಹತ್ತು ನಿಮಿಷ ಜಗಿದ ವಾಕ್ಯ ನಿಲ್ಲಬಹುದು.

ಇದು ಕ್ರೈಸ್ತರಿಗೆ ಮಾತ್ರ ಸಂಬಂಧಪಟ್ಟದ್ದಲ್ಲ. ಕೂಡ್ಲಿಗಿಯಲ್ಲಿ ಗಾಂಧೀಜಿಯವರ ಚಿತಾಭಸ್ಮದ ಸ್ಮಾರಕ ಇದೆ. ಲಂಡನ್ನಿನಲ್ಲಿ ಓದುವಾಗ ಅವರಿಗೆ ಹಳೆ ಒಡಂಬಡಿಕೆ ಓದಿದರೆ ನಿದ್ದೆ ಬರ್ತಿತ್ತಂತೆ, ಯೇಸುವಿನ ಪರ್ವತ ಪ್ರಸಂಗ ಮಾತ್ರ ನೇರ ಮನಸ್ಸಿಗೆ ಇಳಿಯಿತಂತೆ. ಅವರೇ ಆತ್ಮಕಥೆಯಲ್ಲಿ ಬರೆದಿದ್ದಾರೆ. ಮುಂದೆ ದಕ್ಷಿಣ ಆಫ್ರಿಕಾದಲ್ಲಿ ಗೀತೆಯ ಶ್ಲೋಕಗಳನ್ನು ಗೋಡೆಗೆ ಅಂಟಿಸಿ ಹಲ್ಲುಜ್ಜುವಾಗ ಬಾಯಿಪಾಠ ಮಾಡಿದರು. ಅಪರಿಗ್ರಹ ಅನ್ನುವ ಒಂದು ಪದ ಎಷ್ಟು ಕಾಡಿತು ಅಂದರೆ ತಮ್ಮ ಇನ್ಶೂರೆನ್ಸ್ ಪಾಲಿಸಿಯನ್ನೇ ಬಿಟ್ಟುಬಿಟ್ಟರು. ಪಾಲಿಸಿ ಬಿಡಿ ಅಂತ ನಾವು ಯಾರಿಗೂ ಹೇಳ್ತಿಲ್ಲ. ದಿನಾ ಓದಿದ ಪದ ಒಂದು ದಿನ ಜೇಬಿನವರೆಗೂ ಬರುತ್ತೆ ಅನ್ನೋದಕ್ಕೆ ಇದು ಸಾಕ್ಷಿ. ಗೀತೆ, ಖುರಾನ್, ವಚನ ಓದುವ ಗೆಳೆಯರಿಗೂ ಇದೇ ಅನುಭವ ಇರಬಹುದು, ಅವರೂ ಬರೆಯಲಿ.

ಒಂದು ಆಕ್ಷೇಪ ಬರುತ್ತೆ, ಅದು ನ್ಯಾಯವಾದದ್ದೇ. ದಿನಾ ಓದುವವರೆಲ್ಲ ಒಳ್ಳೆಯವರಾಗಿದ್ದಾರಾ? ಇಲ್ಲ. ಬೈಬಲ್ ಕೈಯಲ್ಲಿ ಹಿಡಿದೇ ಅಮೆರಿಕದಲ್ಲಿ ಗುಲಾಮಗಿರಿಯನ್ನು ಸಮರ್ಥಿಸಿದವರಿದ್ದರು. ಬೇರೆಯವರ ತಪ್ಪು ಹುಡುಕೋಕೆ ಓದಿದರೆ ಸಿಗೋದೂ ಅದೇ. ಇದಕ್ಕೆ ಔಷಧಿಯೂ ಬೈಬಲ್‌ನಲ್ಲೇ ಇದೆ. ಅಪೊಸ್ತಲರ ಕೃತ್ಯಗಳ 17ನೇ ಅಧ್ಯಾಯದಲ್ಲಿ ಬೆರೋಯ ಅನ್ನುವ ಊರಿನ ಜನ ಬರ್ತಾರೆ. ಪೌಲನಂಥವನು ಬಂದು ಬೋಧಿಸಿದರೂ ಅವರು ಸುಮ್ಮನೆ ತಲೆಯಾಡಿಸಲಿಲ್ಲ, ಅದು ಹೌದೋ ಅಲ್ಲವೋ ಅಂತ ದಿನಾ ಗ್ರಂಥ ತೆಗೆದು ಪರೀಕ್ಷೆ ಮಾಡಿದರು. ಅವರನ್ನು ಬೈಬಲ್ ಹೊಗಳುತ್ತೆ. ವೆರಿಫೈ ಮಾಡದೆ ಯಾವುದನ್ನೂ ಒಪ್ಪಬೇಡಿ ಅಂತ ಕಲಿಯುವ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಇವರು ನಮ್ಮವರೇ ಅನ್ನಿಸಬೇಕು. ಅದಕ್ಕೇ ಒಬ್ಬರೇ ಓದಿದರೂ ವಾರಕ್ಕೊಮ್ಮೆ ಇನ್ನೊಬ್ಬರ ಜೊತೆ ಕೂತು ಮಾತಾಡಬೇಕು, ‘ಅದು ಹಾಗಲ್ಲ ಮಾರಾಯ’ ಅನ್ನುವ ಧೈರ್ಯ ಇರುವವರ ಜೊತೆ.

ಹೇಗೆ ಶುರು ಮಾಡೋದು? ಪ್ರೊಟೆಸ್ಟಂಟ್ ಬೈಬಲ್‌ನಲ್ಲಿ 66 ಪುಸ್ತಕ, 1,189 ಅಧ್ಯಾಯ. ವರ್ಷದಲ್ಲಿ ಮುಗಿಸಬೇಕು ಅಂದರೆ ದಿನಕ್ಕೆ ಮೂರರಿಂದ ನಾಲ್ಕು ಅಧ್ಯಾಯ. ಅದು ಸಿಲಬಸ್ ಕವರ್ ಮಾಡುವ ಲೆಕ್ಕ, ಅದಕ್ಕೆ ಆತುರ ಬೇಡ. ಆ್ಯಪ್‌ನಲ್ಲಿ ಸ್ಟ್ರೀಕ್ ತಪ್ಪಿತು ಅಂತ ಬೇಜಾರೂ ಬೇಡ. ಮಾರ್ಕನ ಸುವಾರ್ತೆಯಿಂದ ಶುರು ಮಾಡಿ, ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು, ಬರೀ 16 ಅಧ್ಯಾಯ. ದಿನಕ್ಕೆ ಹತ್ತು ಹನ್ನೆರಡು ವಾಕ್ಯ ಸಾಕು. ಒಂದು ಸಲ ಇಂಗ್ಲಿಷ್‌ನಲ್ಲಿ, ಒಂದು ಸಲ ಕನ್ನಡದಲ್ಲಿ, ಆದರೆ ಜೋರಾಗಿ ಓದಿ. ಇಲ್ಲಿ ಏನು ನಡೀತಿದೆ, ಯಾವ ಮಾತು ನಮಗೆ ಇಷ್ಟ ಆಗ್ತಿಲ್ಲ, ಇವತ್ತು ಇದರಿಂದ ಏನು ಬದಲಾಗಬೇಕು ಅಂತ ಮೂರು ಪ್ರಶ್ನೆ ಕೇಳಿಕೊಳ್ಳಿ. ಎರಡನೆಯ ಪ್ರಶ್ನೆ ಬಿಡಬೇಡಿ, ಹೆಚ್ಚಾಗಿ ಕೆಲಸ ಇರೋದು ಅಲ್ಲೇ. ನೋಟ್‌ಬುಕ್‌ನಲ್ಲಿ ಒಂದೇ ಸಾಲು ಬರೆಯಿರಿ. ರಾತ್ರಿ ಮಲಗುವಾಗ ಆ ಸಾಲು ನೋಡಿ, ಮಾಡಿದ್ದರೆ ಟಿಕ್, ಇಲ್ಲದಿದ್ದರೆ ನಾಳೆ ಮತ್ತೆ ಅದೇ ಸಾಲು.

ಮನೆಯಲ್ಲಿ ಹಳೇ ಸತ್ಯವೇದ ಇದ್ದರೆ ಮುಂದಿನ ಸಲ ಊರಿಗೆ ಹೋದಾಗ ಕೇಳಿ ತನ್ನಿ. ಅಂಚಿನಲ್ಲಿ ಅಜ್ಜಿಯೋ ಅಜ್ಜನೋ ಪೆನ್ಸಿಲ್‌ನಲ್ಲಿ ಗೆರೆ ಎಳೆದಿದ್ದರೆ ಅಲ್ಲಿಂದಲೇ ಶುರು ಮಾಡಬಹುದು.