ಸಂಸ್ಕಾರದ ಮಾತು ಆಮ್ಯಾಲೆ, ಮೊದಲ ಕೀಲಿ ಎಲ್ಲೈತಿ ಹೇಳ್ರಿ

ಹೋದ ವಾರ ಅಕ್ಕನ ಮೊಮ್ಮಗನ ತೊಟ್ಟಿಲ ಕಾರ್ಯಕ್ಕ ನಿಮ್ಮೊಳಗ ಭಾಳ ಮಂದಿ ಬಂದಿದ್ರಿ. ಊಟ ಆದ ಮ್ಯಾಲೆ ಹೆಣ್ಮಕ್ಕಳೆಲ್ಲಾ ಒಳಗಿನ ಖೋಲ್ಯಾಗ ಎಲಿ ಅಡಿಕಿ ಹಾಕ್ಕೋತ ಕೂತಾಗ ನನ್ನ ಮಗಳ ಸುದ್ದಿ ಬಂತು. ಅಕಿ ಅಮೆರಿಕಾದ ಮಿಶಿಗನ್ ರಾಜ್ಯದಾಗ ಇರೋದು ನಿಮಗೆಲ್ಲಾ ಗೊತ್ತೈತಿ. ಮೊಮ್ಮಗ ಈಗ ಒಂದನೇ ಕ್ಲಾಸು. ಅಂವ ಫೋನಿನ್ಯಾಗ ನಂಗ ಹೇಳಿದ್ದ, "ಅಜ್ಜಿ, ಇವತ್ತ ಸಾಲ್ಯಾಗ ಲೈಟ್ ಆರಿಸಿ, ಬಾಗಲಾ ಹಾಕಿ, ಮೂಲ್ಯಾಗ ಸುಮ್ನ ಕೂಡೋ ಆಟ ಆಡಿದ್ವಿ. ನಾ ಒಟ್ಟ ಸಪ್ಪಳ ಮಾಡ್ಲಿಲ್ಲ." ಹೆಮ್ಮಿಂದ ಹೇಳಿದ್ದ ಕೂಸು. ಅದು ಆಟ ಅಲ್ರೀ. ಯಾರರೆ ಬಂದೂಕು ಹಿಡಕೊಂಡು ಸಾಲಿಗೆ ಹೊಕ್ಕರ ಹೆಂಗ ಅಡಗಿ ಕೂಡಬೇಕು ಅಂತ ಕಲಿಸೋ ತಾಲೀಮು.

ನಾ ಇದನ್ನ ಹೇಳಿದ ಕೂಡಲೆ ಖೋಲಿ ಒಂದ ಕ್ಷಣ ತಣ್ಣಗಾತು. ಆಮ್ಯಾಲೆ ಸುರು ಆತು. "ಅಲ್ಲೆ ತಂದಿ ತಾಯಿಗೆ ಮಕ್ಕಳ ಕಡೆ ಲಕ್ಷ್ಯನ ಇಲ್ಲ." "ಎಲ್ಲಾ ಆ ವಿಡಿಯೋ ಗೇಮಿನಿಂದ." "ದೇವರಿಲ್ಲ, ದಿಂಡರಿಲ್ಲ, ಸಂಸ್ಕಾರ ಎಲ್ಲಿಂದ ಬರ್ಬೇಕು?" ಕಡೀಕ ಒಬ್ಬರು ಅಂದ್ರು, "ಹೆತ್ತಾಕಿ ಏನ್ ಮಾಡಾಕತ್ತಿದ್ಲಂತ?" ಎಲ್ಲಾರೂ ತಲಿ ಅಲ್ಲಾಡಿಸಿದ್ರಿ.

ಮಂಗಳ ಕಾರ್ಯದಾಗ ಜಗಳ ಬ್ಯಾಡಂತ ನಾ ಸುಮ್ನಾದೆ. ಈಗ ಬರೆಯಾಕತ್ತೀನಿ. ಸಿಟ್ಟು ಬಂದ್ರ ಬರ್ಲಿ, ಆದ್ರ ಪೂರಾ ಓದ್ರಿ. ಯಾಕಂದ್ರ ಮೊದಲ ನಾನೂ ಹಂಗ ಅಂದಾಕಿನ. ನನ್ನ ಮಗಳು ಆಗ ಒಂದ ಮಾತು ಕೇಳಿದ್ಲು: "ಅವ್ವಾ, ಹುಡುಗನ ಸಿಟ್ಟಿನ ಬಗ್ಗೆ ಇಷ್ಟ ಮಾತಾಡ್ತೀರಿ. ಅವನ ಕೈಗೆ ಬಂದೂಕು ಎಲ್ಲಿಂದ ಬಂತು ಅಂತ ಒಬ್ಬರರೆ ಕೇಳಿದ್ರೇನು?" ನನ್ನ ಹಂತ್ಯಾಕ ಉತ್ತರ ಇರ್ಲಿಲ್ಲ.

ಅಕಿ ಇರೋ ರಾಜ್ಯದ್ದ ಒಂದು ಸಂಗತಿ ಹೇಳ್ತೀನಿ. ಆಕ್ಸ್‌ಫರ್ಡ್ ಅಂತ ಊರು. ಅಲ್ಲಿ ಹೈಸ್ಕೂಲಿನ್ಯಾಗ 2021ರ ನವೆಂಬರ್ 30ಕ್ಕ 15 ವರ್ಷದ ಹುಡುಗ ಗುಂಡು ಹಾರಿಸಿ ನಾಕು ಮಂದಿ ಹುಡುಗುರನ್ನ ಕೊಂದ, ಏಳು ಮಂದಿಗೆ ಗಾಯ ಮಾಡಿದ. ಅವನ ಹೆಸರು ನಾ ಬರಿಯೂದಿಲ್ಲ, ಹೆಸರು ಮಾಡಬೇಕಂತನ ಎಷ್ಟೋ ಮಂದಿ ಇದನ್ನ ಮಾಡ್ತಾರ. ಅದಕ್ಕ ಬರೇ ನಾಕ ದಿನ ಮೊದಲ ಅವನ ಅಪ್ಪ ಅಂಗಡಿಗೆ ಹೋಗಿ 9 ಎಂಎಂ ಪಿಸ್ತೂಲು ತಗೊಂಡಿದ್ದ. ಮರುದಿನ ಅವನ ಅವ್ವ ಮಗನ್ನ ಗುಂಡು ಹೊಡ್ಯೋ ಅಭ್ಯಾಸದ ಜಾಗಕ್ಕ ಕರಕೊಂಡು ಹೋಗಿದ್ಲು. ಕ್ರಿಸ್‌ಮಸ್ ಹಬ್ಬದ ಉಡುಗೊರಿ ಅಂತ ಅದು.

ನವೆಂಬರ್ 29ಕ್ಕ ಅಂವ ಕ್ಲಾಸಿನ್ಯಾಗ ಕೂತು ಫೋನಿನ್ಯಾಗ ಗುಂಡು ಹುಡುಕೋದನ್ನ ಟೀಚರ್ ನೋಡಿದ್ರು. ಸಾಲಿಯವರು ಮನಿಗೆ ತಿಳಿಸಿದ್ರು. ಅವ್ವ ಮಗಗ, ನಂಗೇನು ಸಿಟ್ಟಿಲ್ಲ, ಸಿಕ್ಕಿ ಬೀಳದಂಗ ಇರೋದು ಕಲಿ ಅಂತ ನಗಚಾಟಿಗಿ ಮೆಸೇಜು ಕಳಿಸಿದ್ಲು. ಮರುದಿನ ಮುಂಜಾನೆ ಲೆಕ್ಕದ ಹಾಳಿ ಮ್ಯಾಲೆ ಪಿಸ್ತೂಲಿನ ಚಿತ್ರ, ಗುಂಡು ತಗಲಿದ ಮನುಷ್ಯಾನ ಚಿತ್ರ, ಬಾಜೂಕ ನನ್ನ ತಲಿಯಾಗಿನ ವಿಚಾರ ನಿಲ್ಲವಲ್ವು, ಸಹಾಯ ಮಾಡ್ರಿ ಅಂತ ಬರೆದಿದ್ದ. ಸಾಲಿಯವರು ತಂದಿ ತಾಯಿ ಇಬ್ಬರನ್ನೂ ಕರಿಸಿದ್ರು. ಇಬ್ಬರೂ ಬಂದ್ರು, ಕೂತ್ರು, ಮಗನ್ನ ಅಲ್ಲೇ ಬಿಟ್ಟು ಕೆಲಸಕ್ಕ ಹೋದ್ರು. ಪಿಸ್ತೂಲು ಕೊಂಡ ಮಾತು ಒಬ್ಬರೂ ಎತ್ತಲಿಲ್ಲ. ಸಾಲಿಯವರು ಹುಡುಗನ್ನ ಕ್ಲಾಸಿಗೆ ಕಳಿಸಿದ್ರು, ಅವನ ಚೀಲಾ ತಗದು ನೋಡಲಿಲ್ಲ. ಪಿಸ್ತೂಲು ಆ ಚೀಲದಾಗ ಇತ್ತು.

ಸುದ್ದಿ ಬಂದ ಮ್ಯಾಲೆ ಅಪ್ಪ ಮೊದಲ ಮನಿಗೆ ಓಡಿದ, ಪಿಸ್ತೂಲು ಐತೋ ಇಲ್ಲೋ ನೋಡಾಕ. ಇದನ್ನ ಎರಡ ಸಲ ಓದ್ರಿ. ಮುಂಜಾನೆ ಚಿತ್ರ ನೋಡಿದಾಗ ಬಾರದ ವಿಚಾರ ನಾಕು ಹೆಣ ಬಿದ್ದ ಮ್ಯಾಲೆ ಬಂತು. ಪಿಸ್ತೂಲಿನ ಜೋಡಿ ಕೊಟ್ಟ ಕೇಬಲ್ ಕೀಲಿ ಪ್ಯಾಕೆಟ್ ಸುದ್ದಾ ಒಡೀದ ಹಂಗ ಬಿದ್ದಿತ್ತು.

2024ರ ಫೆಬ್ರುವರಿಯಾಗ ತಾಯಿಗೆ, ಮಾರ್ಚಿನ್ಯಾಗ ತಂದಿಗೆ ಕೋರ್ಟಿನ್ಯಾಗ ಅಪರಾಧ ಸಾಬೀತಾತು. ಏಪ್ರಿಲ್ 9ಕ್ಕ ಇಬ್ಬರಿಗೂ 10ರಿಂದ 15 ವರ್ಷ ಶಿಕ್ಷೆ. ಮಗ ಸಾಲ್ಯಾಗ ಮಾಡಿದ ಇಂಥಾ ಕೊಲಿಗೆ ತಂದಿ ತಾಯಿ ಜೈಲಿಗೆ ಹೋಗಿದ್ದು ಅಮೆರಿಕಾದಾಗ ಅದ ಮೊದಲ ಸಲ.

ಆಗ ಮಂದಿ ಏನ್ ಮಾತಾಡಿದ್ರು ಗೊತ್ತೇನು? ಅಕಿ ಕುದರಿ ಸಾಕಿದ್ಲಂತ, ಅಕಿ ಖಾಸಗಿ ಸಂಬಂಧ ಹಿಂಗಿತ್ತಂತ. ಅಲ್ಲಿಯವರೂ ಇದನ್ನ ಅಂದ್ರು, ನಾವೂ ಇಲ್ಲೆ ಕೂತು ಇದನ್ನ ಅಂದ್ವಿ. ಕುದರಿ ಸಾಕಿದ್ದಕ್ಕ ಆ ನಾಕು ಮಕ್ಕಳು ಸಾಯಲಿಲ್ರೀ. ಜ್ಯೂರಿ ಮುಖ್ಯಸ್ಥೆ ಆಮ್ಯಾಲೆ ಹೇಳಿದ್ದ ಬ್ಯಾರೆ: ಆ ಪಿಸ್ತೂಲು ಕಡೀ ಸಲ ಕೈಯಾಗ ಹಿಡಿದಿದ್ದ ದೊಡ್ಡ ಮನುಷ್ಯಾರು ಅಂದ್ರ ಆ ತಾಯಿ, ಆ ಮಾತು ತನಗ ನಾಟಿತು ಅಂತ. ತಾಯಿ ತಪ್ಪು ನಾನೂ ಮುಚ್ಚೂದಿಲ್ಲ. ಆದ್ರ ತಪ್ಪು ಯಾವುದು ಅಂತ ಸರಿಯಾಗಿ ಬೊಟ್ಟು ಮಾಡಿ ತೋರಸ್ರಿ. ಹೆಂಗಸು ಹೆಂಗ ಬದುಕಿದ್ಲು ಅನ್ನೂದು ಬ್ಯಾರೆ, ಹೊಸಾ ಪಿಸ್ತೂಲಿಗೆ ಕೀಲಿ ಹಾಕಲಿಲ್ಲ ಅನ್ನೂದು ಬ್ಯಾರೆ. ನಮ್ಮಲ್ಲೂ ಹುಡುಗ ಫೇಲಾದ್ರ ಊರಿಗೂರ ಮೊದಲ ತಾಯಿನ್ನ ಬೈತೈತಿ. ಬೈಸಿಕೊಂಡ ನಾವ ಇನ್ನೊಬ್ಬಾಕಿಗೆ ಅದನ್ನ ಮಾಡೂದು ಎಷ್ಟು ಸರಿ?

ಇನ್ನ ವಿಡಿಯೋ ಗೇಮು. 1999ರ ಏಪ್ರಿಲ್ 20ಕ್ಕ ಕೊಲಂಬೈನ್ ಹೈಸ್ಕೂಲಿನ್ಯಾಗ ಇಬ್ಬರು ಹುಡುಗುರು ಬಂದೂಕು ಹಿಡಿದಾಗೂ ಇದನ್ನ ಅಂದ್ರು. ಡೂಮ್ ಅನ್ನೋ ಗೇಮು, ಮರ್ಲಿನ್ ಮ್ಯಾನ್ಸನ್ ಹಾಡು, ಕರೀ ಉದ್ದ ಕೋಟು. ಅವರ ಮೂರು ಬಂದೂಕು 18 ವರ್ಷದ ಒಬ್ಬ ಗೆಳತಿ ಬಂದೂಕು ಮಾರೋ ಮೇಳದಾಗ ಕೊಂಡು ಕೊಟ್ಟಿದ್ಲು, ಆ ಮಾತು ಸಣ್ಣಗಾತು. ಜಪಾನಿನ ಹುಡುಗುರು, ಕೊರಿಯಾದ ಹುಡುಗುರು ಗೇಮ್ ಆಡೂದಿಲ್ಲೇನು? ಹಗಲಾ ರಾತ್ರಿ ಆಡ್ತಾರ. ತಲಿ ಕೆಟ್ಟ ಹುಡುಗುರು, ಸಿಟ್ಟಿನ ಹುಡುಗುರು, ಒಂಟಿ ಹುಡುಗುರು ಎಲ್ಲಾ ದೇಶದಾಗ ಅದಾರ. ಅಮೆರಿಕಾದಾಗ ಮಾತ್ರ ಮಂದಿಕಿಂತ ಮಂದಿ ಕೈಯಾಗಿನ ಬಂದೂಕು ಹೆಚ್ಚು. 2017ರ ಅಂದಾಜಿನ ಪ್ರಕಾರ 100 ಮಂದಿಗೆ 120 ಬಂದೂಕು. ಅಲ್ಲಿಯ ಸೀಕ್ರೆಟ್ ಸರ್ವಿಸ್‌ನವರು ಸಾಲಿ ದಾಳಿಗಳನ್ನ ಅಭ್ಯಾಸ ಮಾಡಿ 2019ರಾಗ ಒಂದ ವರದಿ ಕೊಟ್ಟಾರ. ಬಂದೂಕು ಹಿಡಿದು ಬಂದವರೊಳಗ ನಾಕರಾಗ ಮೂರು ಪಾಲು ಮಂದಿ ಅದನ್ನ ತಂದಿದ್ದು ತಮ್ಮ ಮನಿಯಿಂದ, ಇಲ್ಲಾ ಹತ್ತಿರದ ಸಂಬಂಧಿಕರ ಮನಿಯಿಂದ.

ಭಾವಾರು ಹೊರಗ ಪಡಸಾಲ್ಯಾಗ ಕೂತು ಒಂದ ಮಾತು ಒಗದಿದ್ರು: "ಕೊಡಗಿನ್ಯಾಗ ಮನಿ ಮನಿಯಾಗ ಕೋವಿ ಐತಿ, ಪೂಜಾನೂ ಮಾಡ್ತಾರ. ಅಲ್ಲಿ ಯಾಕ ಹಿಂಗ ಆಗೂದಿಲ್ಲ?" ಚೊಲೋ ಪ್ರಶ್ನೆ. ಕೊಡವರಿಗೆ ಲೈಸೆನ್ಸಿನ ರಿಯಾಯಿತಿ ಇರೋದು ಉದ್ದ ಕೋವಿಗೆ, ಪಿಸ್ತೂಲಿಗೆ ಇಲ್ಲ. ಇಷ್ಟ ಕೋವಿ, ಇಷ್ಟ ಗುಂಡು ಅಂತ ಮಿತಿ ಐತಿ. ಅಂದ್ರ ಭಾವಾರ, ಕೋವಿ ಇರೋ ಕಡೆನೂ ಕಾಯ್ದೆ ಇರ್ತೈತಿ, ಲೆಕ್ಕ ಇರ್ತೈತಿ. ನಾ ಕೇಳಾಕತ್ತಿದ್ದೂ ಅದನ್ನ. ಆಕ್ಸ್‌ಫರ್ಡಿನ್ಯಾಗ ಆ ಕಾಲಕ್ಕ ಮನ್ಯಾಗ ಮಕ್ಕಳಿದ್ರ ಬಂದೂಕಿಗೆ ಕೀಲಿ ಹಾಕಬೇಕು ಅನ್ನೋ ಕಾಯ್ದೆನ ಇರ್ಲಿಲ್ಲ. 2024ರ ಫೆಬ್ರುವರಿ 13ಕ್ಕ ಜಾರಿಗೆ ಬಂತು.

ಇನ್ನ ಕೆಲವರು, ಸಾಲಿಗೆ ಪೊಲೀಸರನ್ನ ನಿಲ್ಲಿಸಿದ್ರ ಆತು ಅಂತಾರ. 2022ರ ಮೇ 24ಕ್ಕ ಟೆಕ್ಸಾಸಿನ ಯುವಾಲ್ಡೆಯೊಳಗ 19 ಮಕ್ಕಳು, ಇಬ್ಬರು ಟೀಚರು ಸತ್ರು. ಅಲ್ಲಿ ಬಂದು ಸೇರಿದ ಪೊಲೀಸರು, ಅಧಿಕಾರಿಗಳು ಎಲ್ಲಾ ಕೂಡಿ 376 ಮಂದಿ. ಆ ಕ್ಲಾಸಿನ ಒಳಗ ಹೊಕ್ಕು ಅವನ್ನ ಮುಗಸಾಕ 77 ನಿಮಿಷ ತಗೊಂಡ್ರು.

ಎಲ್ಲಾಕಿಂತ ಹೊಲಸು ಮಾತು ಸ್ಯಾಂಡಿ ಹುಕ್ ವ್ಯಾಳ್ಯಾದಾಗ ಬಂತು. 2012ರ ಡಿಸೆಂಬರ್ 14ಕ್ಕ ಆರು ಏಳು ವರ್ಷದ 20 ಕೂಸುಗಳು, ಆರು ಮಂದಿ ಸಾಲಿಯ ದೊಡ್ಡವರು ಸತ್ರು. ನನ್ನ ಮೊಮ್ಮಗನ ವಾರಿಗಿ ಕೂಸುಗಳು. ಅಲೆಕ್ಸ್ ಜೋನ್ಸ್ ಅನ್ನಾಂವ ಇದೆಲ್ಲಾ ನಾಟಕ, ಯಾರೂ ಸತ್ತಿಲ್ಲ ಅಂತ ವರ್ಷಗಟ್ಟಲೆ ತನ್ನ ಕಾರ್ಯಕ್ರಮದಾಗ ಹೇಳಿದ. ನಂಬಿದವರು ಮಕ್ಕಳನ್ನ ಮಣ್ಣು ಮಾಡಿದ ತಂದಿ ತಾಯಿಗೆ ಕಾಟ ಕೊಟ್ರು. ಕಡೀಕ 2022ರಾಗ ಕೋರ್ಟಿನ ಜ್ಯೂರಿ 96 ಕೋಟಿ 50 ಲಕ್ಷ ಡಾಲರ್ ಪರಿಹಾರ ಕೊಡು ಅಂತು. ನೋಡ್ರಿ, ಬಂದೂಕಿನ ಮಾತು ತಪ್ಪಿಸಾಕ ಮನುಷ್ಯಾ ಸತ್ತ ಕೂಸನ್ನೂ ಸುಳ್ಳಂತಾನ.

ಈಗ ನಮ್ಮ ಮನಿ ಮಾತಿಗೆ ಬರ್ತೀನಿ. ನಮ್ಮತ್ತಿ ಸಾಲಿ ಕಟ್ಟಿ ಹತ್ತಿದಾಕಿ ಅಲ್ಲ. 15 ವರ್ಷದ ಹಿಂದ ಮೈದುನನ ಮಗ ಎಸ್ಸೆಸ್ಸೆಲ್ಸಿ ಫೇಲಾದ. ಅಪ್ಪನ ಕೈಲೆ ಹೊಡತ ತಿಂದು, ಊಟ ಬಿಟ್ಟು ಗ್ವಾಡಿಗೆ ಮುಖಾ ಹಾಕಿ ಮಲಗಿದ್ದ. ಗಂಡಸೂರೆಲ್ಲಾ ಪಡಸಾಲ್ಯಾಗ ಕೂತು, ಹುಡುಗ ಯಾಕ ಹಿಂಗಾದ, ಟಿವಿ ಯಾಕ ತಂದ್ರಿ, ಅವರವ್ವ ಸಲಿಗಿ ಕೊಟ್ಲು ಅಂತ ಪಂಚಾಯ್ತಿ ನಡಿಸಿದ್ರು. ಅತ್ತಿ ಒಂದ ಮಾತು ಆಡ್ಲಿಲ್ಲ. ಎದ್ದು ದನದ ಮನಿಗೆ ಹೋದ್ರು. ಹತ್ತಿಗೆ ಹೊಡ್ಯೋ ಎಣ್ಣಿ ಡಬ್ಬಿ ಎಲ್ಲಾ ಟ್ರಂಕಿನ್ಯಾಗ ಹಾಕಿ, ಕೀಲಿ ಜಡದು, ಕೀಲಿಕೈ ಸೆರಗಿನ ತುದಿಗೆ ಗಂಟು ಹಾಕ್ಕೊಂಡ್ರು. ಆಮ್ಯಾಲೆ ಬಂದು ಅವನ ಹಾಸಗಿ ಬಾಜೂಕ ಕೂತ್ರು.

ಅಂವಗ ಈಗ ಇಬ್ಬರು ಮಕ್ಕಳು, ಟೆಂಪೋ ಓಡಸ್ತಾನ. ಅತ್ತಿ ತೀರಿಕೊಂಡ ದಿನ ನನ್ನ ಮುಂದ ಅತ್ಕೋತ ಹೇಳಿದ: "ದೊಡ್ಡವ್ವಾ, ಅವತ್ತ ರಾತ್ರಿ ನಾ ದನದ ಮನಿಗೆ ಹೋಗಿದ್ದೆ. ಕೀಲಿ ಹಾಕಿತ್ತು. ಅಲ್ಲೇ ಕೂತು ಅತ್ತೆ, ಒಳಗ ಬಂದು ಮಲಗಿದೆ."

ಅತ್ತಿ ಅವನ ಮನಸ್ಸು ಬದಲು ಮಾಡಲಿಲ್ಲ, ಅದಕ್ಕ ತಿಂಗಳುಗಟ್ಟಲೆ ಬೇಕಾತು. ಆ ಒಂದ ರಾತ್ರಿ ದಾಟಿಸಿದ್ರು. ಆಕ್ಸ್‌ಫರ್ಡಿನ ಹುಡುಗನೂ ಸಹಾಯ ಮಾಡ್ರಿ ಅಂತ ಬರೆದಿದ್ದ. ಅವನ ಮನಸ್ಸಿಗೆ ಔಷಧ ಬೇಕಿತ್ತು, ಬ್ಯಾಡ ಅನ್ನೂದಿಲ್ಲ. ಆದ್ರ ಔಷಧ ನಾಟೋತನಕ ಕೀಲಿನ ಕಾಯಬೇಕು. ಸಂಸ್ಕಾರ ಅಂತ ನೀವು ಯಾವುದಕ್ಕ ಅಂತೀರೋ ನಂಗ ಗೊತ್ತಿಲ್ಲ, ನಮ್ಮತ್ತಿ ಸೆರಗಿನ ಗಂಟಿಗೆ ನಾ ಸಂಸ್ಕಾರ ಅಂತೀನಿ.

ನಾವೇನು ಮಾಡಾಕ ಬರ್ತೈತಿ ಅಂತ ಕೇಳಬ್ಯಾಡ್ರಿ. 1996ರ ಮಾರ್ಚ್ 13ಕ್ಕ ಸ್ಕಾಟ್ಲೆಂಡಿನ ಡನ್‌ಬ್ಲೇನ್ ಸಾಲ್ಯಾಗ 16 ಮಕ್ಕಳು, ಒಬ್ಬ ಟೀಚರ್ ಸತ್ತಾಗ ಆನ್ ಪಿಯರ್ಸ್‌ಟನ್ ಅನ್ನೋ ಹೆಣ್ಮಗಳು, ಅಕಿ ಗೆಳತೇರು ಕೂಡಿ ಸಹಿ ಕೂಡಿಸಾಕ ನಿಂತ್ರು. ಏಳು ಲಕ್ಷಕ್ಕಿಂತ ಹೆಚ್ಚು ಸಹಿ ಆದ್ವು. ಮರುವರ್ಷ ಬ್ರಿಟನ್ನಿನ್ಯಾಗ ಮಂದಿ ಕೈಯಾಗ ಪಿಸ್ತೂಲು ಇರೋದನ್ನ ಬಂದ್ ಮಾಡಿದ್ರು. ಸ್ಯಾಂಡಿ ಹುಕ್ ಆದ ಮರುದಿನ ಅಮೆರಿಕಾದ ಶಾನನ್ ವಾಟ್ಸ್ ಅನ್ನೋ ಐದು ಮಕ್ಕಳ ತಾಯಿ ಮನ್ಯಾಗ ಕೂತು ತಾಯಂದಿರನ್ನ ಕೂಡಿಸಾಕ ಸುರು ಮಾಡಿದ್ಲು. ಆ ಸಂಘದವರು ಕಲಿಸೋ ಒಂದ ಸಣ್ಣ ಪಾಠ ನಮ್ಮ ಮಗಳೂ ಕಲ್ತಾಳ: ಮಕ್ಕಳನ್ನ ಬ್ಯಾರೆಯವರ ಮನಿಗೆ ಆಡಾಕ ಕಳಿಸೋ ಮೊದಲ, ನಿಮ್ಮ ಮನ್ಯಾಗ ಬಂದೂಕು ಐತೇನು, ಕೀಲಿ ಹಾಕಿರ್ತೀರೇನು ಅಂತ ಕೇಳೂದು.

ಅಕಿಗೆ ಮೊದಲ ನಾಚಿಕಿ ಬಂದಿತ್ತು. "ಅವರು ತಪ್ಪ ತಿಳಕೊಂಡ್ರ?" ಅಂದ್ಲು. ನಾ ಅಂದೆ, "ಶೇಂಗಾ ತಿಂದ್ರ ಹುಡುಗಗ ಆಗಿ ಬರೂದಿಲ್ಲ ಅಂತ ಹೇಳಾಕ ನಾಚಿಕಿ ಇಲ್ಲ, ಇದಕ್ಯಾಕ?" ಹೋದ ತಿಂಗಳ ಒಂದ ಹುಟ್ಟುಹಬ್ಬಕ್ಕ ಕಳಿಸೋ ಮೊದಲ ಕೇಳಿದ್ಲಂತ. ಆ ಮನಿ ಅವ್ವ ಸಿಟ್ಟಾಗಲಿಲ್ಲ. "ಐತಿ, ಪೆಟ್ಟಿಗಿಗೆ ಕೀಲಿ ಐತಿ, ಗುಂಡು ಬ್ಯಾರೆ ಕಡೆ ಇಟ್ಟೀವಿ. ಕೇಳಿದ್ದು ಚೊಲೋ ಆತು" ಅಂದ್ಲಂತ.

ನಮ್ಮ ಬಳಗದಾಗ ಅಲ್ಲಿ ಮಕ್ಕಳು, ಮೊಮ್ಮಕ್ಕಳು ಇರೋರು ಸುಮಾರು ಮಂದಿ ಅದೀರಿ. ಈ ಐತವಾರ ಫೋನ್ ಮಾಡಿದಾಗ ಚಟ್ನಿಪುಡಿ ಮುಟ್ಟಿತೇನು ಅಂತ ಕೇಳೋ ಜೋಡಿ ಇದನ್ನೂ ಒಂದ ಮಾತು ಹೇಳ್ರಿ. ಇಲ್ಲೇ ಇರೋರು ಹೊಲದ ಎಣ್ಣಿ ಎಲ್ಲಿಟ್ಟೀರಿ ಅಂತ ಎದ್ದು ನೋಡ್ರಿ. ಮುಂದಿನ ಸಲ ಇಂಥಾ ಸುದ್ದಿ ಬಂದಾಗ ಹೆತ್ತಾಕಿ ಏನ್ ಮಾಡ್ತಿದ್ಲು ಅಂತ ಯಾರರೆ ನನ್ನ ಮುಂದ ಅಂದ್ರ, ನಾ ಸುಮ್ನ ಇರಾಕಿ ಅಲ್ಲ, ಕಾರ್ಯ ಇದ್ರೂ ಅಷ್ಟ.